ಹೆಜ್ಜೆ ಅವರದು, ಲೆಕ್ಕ ನಮ್ಮದು

ಲಕ್ವಾ ಹೊಡೆದವರಿಗೆ ನಮ್ಮ ದುಂಡಸಿಯಲ್ಲಿ ಯಾರೂ ಸಹಾಯ ಮಾಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಹುಬ್ಬಳ್ಳಿಯ ಕಿಮ್ಸ್‌ಗೆ ಒಯ್ಯುವ ದಿನ ಗಾಡಿ ಸಿಗುತ್ತದೆ, ಓಣಿಯವರು ಕೈಯಲ್ಲಿ ದುಡ್ಡು ಇಡುತ್ತಾರೆ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ. ಆದರೆ ರೋಗಿ ಮನೆಗೆ ಬಂದ ಮೇಲಿನ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಪಾರ್ಶ್ವವಾಯು ಆಗುತ್ತದೆ. ಸತ್ತ ಜೀವಕೋಶ ಮತ್ತೆ ಬರುವುದಿಲ್ಲ. ಆದರೆ ಅದರ ಕೆಲಸವನ್ನು ಮಿದುಳಿನ ಬೇರೆ ಭಾಗ ಕಲಿಯಬಲ್ಲದು. ಕಲಿಯಲು ಒಂದೇ ದಾರಿ, ಅದೇ ಚಲನೆಯನ್ನು ದಿನವೂ ಮಾಡುತ್ತಿರುವುದು. ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಅಂದರೆ ಫಿಸಿಯೋಥೆರಪಿಯೂ ಔಷಧವೇ. ಅದಕ್ಕೆ ಫೀಸು, ಬಸ್ ಚಾರ್ಜು, ಜೊತೆಗೆ ಹೋದವರ ಒಂದು ದಿನದ ಕೂಲಿ ಬೇಕು. ಬಡವರು ಇಲ್ಲಿಯೇ ನಿಂತುಬಿಡುತ್ತಾರೆ.

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ, ಈ ಕಾಯಿಲೆಗೆ ಫಾಲಿಜ್ ಎನ್ನುತ್ತೇವೆ. ಹೆಸರು ಬೇರೆಯಾದರೂ ಎಲ್ಲ ಮನೆಯಲ್ಲಿ ಹೇಳುವ ಮಾತು ಒಂದೇ: "ಆರಾಮ್ ಮಾಡ್ರಿ, ಅಡ್ಡಾಡಬ್ಯಾಡ್ರಿ." ಪ್ರೀತಿಯಿಂದ ಹೇಳಿದ ಈ ಮಾತೇ ಕಾಲನ್ನು ಇನ್ನಷ್ಟು ಕಟ್ಟಿಹಾಕುತ್ತದೆ.

ಬ್ರಿಟನ್ನಿನ ಸ್ಟ್ರೋಕ್ ಅಸೋಸಿಯೇಷನ್ ಏರ್ಪಡಿಸುವ ನಡಿಗೆಗಳಲ್ಲಿ ಸ್ಟ್ರೋಕ್ ಆದವರೇ ತಮ್ಮ ಕೈಲಾದಷ್ಟು ದೂರ ನಡೆದು ಇತರ ರೋಗಿಗಳಿಗಾಗಿ ಹಣ ಕೂಡಿಸುತ್ತಾರೆ. ನಮ್ಮ ಬೆಂಗಳೂರಿನಲ್ಲೂ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದಲ್ಲಿ ಹಿರಿಯರಿಗೆ, ಅಂಗವಿಕಲರಿಗೆ ಪ್ರತ್ಯೇಕ ವಿಭಾಗಗಳಿವೆ, ಸೇವಾ ಸಂಸ್ಥೆಗಳಿಗೆ ದೇಣಿಗೆ ಸೇರುತ್ತದೆ. ಇದು ದುಂಡಸಿಯಲ್ಲಿ ಯಾಕೆ ಆಗಬಾರದು?

ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹಾಕುತ್ತೇನೆ. ಲಕ್ವಾದಿಂದ ಎದ್ದ ಒಬ್ಬರು ಕೋಲು ಹಿಡಿದು 500 ಹೆಜ್ಜೆ ನಡೆದರು ಎನ್ನಿ. ನಾವು 200 ಜನ ಹೆಜ್ಜೆಗೆ 10 ಪೈಸೆಯಂತೆ ಕೊಟ್ಟರೆ ತಲೆಗೆ 50 ರೂಪಾಯಿ, ಒಟ್ಟು 10,000 ರೂಪಾಯಿ. ಈ ಹಣ ಫಿಸಿಯೋಥೆರಪಿ ನಿಲ್ಲಿಸಿದ ಬಡವರಿಗೆ ಹೋಗಬೇಕು.

"ರೋಗಿಯನ್ನು ಮೈದಾನಕ್ಕೆ ತಂದು ದುಡ್ಡು ಎತ್ತುವುದು ಅವಮಾನವಲ್ಲವೇ?" ಎಂದು ಕೆಲವರು ಕೇಳಬಹುದು. ಅವರಿಗಾಗಿ ಎತ್ತಿದರೆ ಆ ಮಾತು ಸರಿ. ಇಲ್ಲಿ ಅವರು ಬೇಡುವವರಲ್ಲ, ಕೊಡುವವರು. ತಿಂಗಳುಗಟ್ಟಲೆ ಎಲ್ಲರ ಕೈಯಿಂದ ತೆಗೆದುಕೊಂಡವರಿಗೆ ತಾನೂ ಕೊಡಬಲ್ಲೆ ಎನಿಸುವುದು ಸಣ್ಣ ವಿಷಯವಲ್ಲ. ಆದರೆ ಕೆಲವು ಷರತ್ತು ಇರಲಿ. ಡಾಕ್ಟರ್ ಒಪ್ಪಿಗೆ ಬೇಕು, ನಡೆಯುವ ಮೊದಲು ಬಿಪಿ ನೋಡಬೇಕು. ದೂರವನ್ನು ಅವರೇ ನಿರ್ಧರಿಸಲಿ. ದುರ್ಬಲ ಬದಿಗೆ ಒಬ್ಬರು ಇರಲಿ, ಅಲ್ಲಲ್ಲಿ ಕುರ್ಚಿ ಇರಲಿ. ಅನುಮತಿ ಇಲ್ಲದೆ ಯಾರೂ ಫೋಟೋ ತೆಗೆಯಬಾರದು. ಜಮಾ ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕು.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅಂದು ಬೆಳಿಗ್ಗೆ ನಮ್ಮ ಮೈದಾನದಲ್ಲಿ ಇಂಥದೊಂದು ನಡಿಗೆ ಇಟ್ಟುಕೊಳ್ಳಬೇಕೆಂದು ಪ್ರಾಚಾರ್ಯರಲ್ಲಿ, ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ. ಹೆಜ್ಜೆ ಎಣಿಸಲು, ಲೆಕ್ಕ ಬರೆಯಲು ಕಾಮರ್ಸ್ ವಿಭಾಗದವರು ನಾವಿದ್ದೇವೆ.