ಒಡೆದ ಗೋಡೆ ಎಲ್ಲಿಗೆ ಹೋಯಿತು?

ಪರರನ್ನು ದೂರುವ ಮುನ್ನ ಈ ವಾರ ನಮ್ಮನ್ನು ನಾವೇ ದೂರಿಕೊಳ್ಳಬೇಕಾಗಿದೆ. ಪಕ್ಷದ ಕಚೇರಿಯ ಹಿಂಗೋಡೆ ಬಿರುಕು ಬಿಟ್ಟಿತ್ತು. ಬೇಸಿಗೆಯಲ್ಲಿ ಅದನ್ನು ಕೆಡವಿ ಹೊಸದು ಕಟ್ಟಿಸಿದೆವು. ಕೆಡವಿದ ಇಟ್ಟಿಗೆ, ಗಾರೆ, ಮಣ್ಣು ಒಯ್ಯಲು ಒಂದು ಟ್ರ್ಯಾಕ್ಟರ್ ಗೊತ್ತುಮಾಡಿದೆವು. ಬಾಡಿಗೆಗೆ ಚೌಕಾಸಿ ಮಾಡಿದೆವು, ಹಣ ಕೊಟ್ಟೆವು. "ಎಲ್ಲಿಗೆ ಒಯ್ಯುತ್ತೀಯಪ್ಪಾ?" ಎಂದು ಮಾತ್ರ ಕೇಳಲಿಲ್ಲ.

ಮೊದಲ ಮಳೆ ಬಿದ್ದಾಗ ಉತ್ತರ ತಾನಾಗಿ ಬಂದಿತು. ಮಿಲ್ ಕೂಲಿಗಾರರ ಸಾಲುಮನೆಗಳ ಹಿಂದಿನ ಚರಂಡಿ ಕಟ್ಟಿಕೊಂಡು ಹನ್ನೊಂದು ಮನೆಗಳೊಳಗೆ ಮೊಣಕಾಲುದ್ದ ನೀರು ನುಗ್ಗಿತು. ಚರಂಡಿಯಿಂದ ಎತ್ತಿ ಹಾಕಿದ ಇಟ್ಟಿಗೆಗಳ ಮೇಲೆ ನಮ್ಮ ಕಚೇರಿ ಗೋಡೆಯ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಯಾರೂ ನಮ್ಮನ್ನು ಬೈಯಲಿಲ್ಲ. ನೆನೆದ ಅಕ್ಕಿಯನ್ನು ಬಿಸಿಲಿಗೆ ಹರಡುತ್ತಿದ್ದ ತಾಯಿಯೊಬ್ಬರು, "ನಿಮ್ಮ ಇಟ್ಟಿಗೆ ಎಣಿಸಿಕೊಂಡು ಒಯ್ಯಿರಿ ಮೇಷ್ಟ್ರೇ" ಎಂದರು, ಅಷ್ಟೇ. ಕಾರ್ಮಿಕರ ಹಕ್ಕಿಗಾಗಿ ಭಾಷಣ ಮಾಡುವ ನಾವು ಕಾರ್ಮಿಕರ ಮನೆಗೇ ಚರಂಡಿ ನೀರು ಹರಿಸಿದ್ದೆವು.

ನಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಆದರೆ ಊರಿನಲ್ಲಿ ಇದು ನಿತ್ಯ ನಡೆಯುವ ಸಂಗತಿ. ದೊಡ್ಡ ಕಟ್ಟಡ ಎಬ್ಬಿಸುವವನಿಗೆ ಸ್ವಂತ ಟಿಪ್ಪರ್ ಇದೆ, ಮಣ್ಣು ತುಂಬಲು ಸ್ವಂತ ತಗ್ಗು ಜಮೀನಿದೆ. ಬಚ್ಚಲು ರಿಪೇರಿ ಮಾಡಿಸುವ ಮಿಲ್ ಕೂಲಿಗಾರನಿಗೆ, ಅಂಗಡಿಯ ನೆಲ ಕೀಳಿಸುವ ಕಿರಾಣಿ ವ್ಯಾಪಾರಿಗೆ ಏನಿದೆ? ಬೆಳಿಗ್ಗೆ ಬರುವ ಕಸದ ಆಟೋ ಇಟ್ಟಿಗೆ ಚೂರನ್ನು ಮುಟ್ಟುವುದಿಲ್ಲ. ಹತ್ತು ಮೂಟೆಗೆ ಟ್ರ್ಯಾಕ್ಟರ್ ಬಾಡಿಗೆ ತೆರಲು ಶಕ್ತಿಯಿಲ್ಲ. ಕತ್ತಲಾದ ಮೇಲೆ ಮೂಟೆಗಳು ಚರಂಡಿಯ ಪಾಲು, ಕೆರೆಯಂಚಿನ ಪಾಲು. ಸಿಕ್ಕಿಬಿದ್ದರೆ ದಂಡ. ಸುರಿಯಲು ಜಾಗ ತೋರಿಸದೆ, ಸುರಿದದ್ದಕ್ಕೆ ದಂಡ ಹಾಕುವುದು ಯಾವ ನ್ಯಾಯ?

ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ಕಟ್ಟಡ ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮ ಹೊರಡಿಸಿತು. ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್ ಎಬ್ಬಿಸುವ ದೊಡ್ಡವರು ಅದನ್ನು ಬೇರ್ಪಡಿಸಬೇಕು, ಶುಲ್ಕ ತೆರಬೇಕು ಎಂದಿತು. ರಸ್ತೆಗೂ ಚರಂಡಿಗೂ ಅಡ್ಡಿಯಾಗುವಂತೆ ಯಾರೂ ಸುರಿಯಬಾರದೆಂದಿತು. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿತು: ಸ್ಥಳೀಯ ಸಂಸ್ಥೆಯು ತಕ್ಕ ತೊಟ್ಟಿಗಳನ್ನು ಇರಿಸಬೇಕು, ತುಂಬಿದಾಗ ತೆರವು ಮಾಡಬೇಕು. ದಂಡದ ಮಾತು ನಮ್ಮ ನಗರಸಭೆಗೆ ಬಾಯಿಪಾಠವಾಗಿದೆ. ತೊಟ್ಟಿಯ ಮಾತು ಮರೆತುಹೋಗಿದೆ. ನಾವು ತೊಟ್ಟಿ ಕೇಳುವುದು ಭಿಕ್ಷೆಯಲ್ಲ.

ಅಧಿಕಾರಿಗಳು ಹೇಳುವುದುಂಟು: "ಬೀದಿಯ ತೊಟ್ಟಿ ತೆಗೆದಿದ್ದೇ ಗಲೀಜು ತಪ್ಪಿಸಲು, ಈಗ ಮತ್ತೆ ಇಡುವುದೆ?" ಅನ್ನ, ಸೊಪ್ಪು, ಮಾಂಸದ ಚೂರು ಕೊಳೆಯುವ ತೊಟ್ಟಿಯ ಬಗ್ಗೆ ಆ ಮಾತು ಸರಿ. ಅದನ್ನು ಮನೆಬಾಗಿಲಲ್ಲೇ ಒಯ್ಯಬೇಕು. ಆದರೆ ಇಟ್ಟಿಗೆ ಕೊಳೆಯುವುದಿಲ್ಲ, ನಾರುವುದಿಲ್ಲ. ಅದಕ್ಕೆ ಬೇರೆ ತೊಟ್ಟಿ, ಬೇರೆ ಏರ್ಪಾಡು ಬೇಕು.

ತೊಟ್ಟಿ ಎಂಥದಿರಬೇಕು? ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ನಮ್ಮ ಗೋಡೆ ಹತ್ತಡಿ ಉದ್ದ, ಎಂಟಡಿ ಎತ್ತರ, ಮುಕ್ಕಾಲಡಿ ದಪ್ಪ. ಅಂದರೆ 60 ಘನ ಅಡಿ. ಅಷ್ಟು ಸಣ್ಣ ಗೋಡೆ ಸುಮಾರು 3 ಟನ್ ತೂಗುತ್ತದೆ. ಒಡೆದ ಮೇಲೆ ಉಬ್ಬಿ ಸುಮಾರು ಎರಡೂವರೆ ಘನ ಮೀಟರ್ ಜಾಗ ಹಿಡಿಯುತ್ತದೆ. ಅದೇ ಜಾಗದಲ್ಲಿ ರಟ್ಟನ್ನೋ ಒಣ ಎಲೆಯನ್ನೋ ತುಂಬಿದರೆ ಆ ತೂಕದ ಹತ್ತನೆಯ ಒಂದು ಪಾಲೂ ಆಗದು. ಆದ್ದರಿಂದ ತೊಟ್ಟಿಯನ್ನು ಗಾತ್ರ ನೋಡಿ ಆರಿಸಬಾರದು, ತೂಕ ನೋಡಿ ಆರಿಸಬೇಕು. ಹಗುರ ಕಸಕ್ಕೆ ದೊಡ್ಡದು, ಇಟ್ಟಿಗೆ ಕಲ್ಲಿಗೆ ಸಣ್ಣದು. ದೊಡ್ಡ ತೊಟ್ಟಿಗೆ ಇಟ್ಟಿಗೆ ಕಂಠಮಟ್ಟ ತುಂಬಿಸಿದರೆ, ಎತ್ತುವ ಡಂಪರ್ ಪ್ಲೇಸರ್ ಗಾಡಿಯ ಮುಂದಿನ ಚಕ್ರವೇ ನೆಲ ಬಿಟ್ಟೇಳಬಹುದು, ಸರಪಳಿ ಹರಿಯಬಹುದು. ಆಗ ಅಪಾಯ ಗುತ್ತಿಗೆದಾರನಿಗಲ್ಲ, ಚಾಲಕನಿಗೆ.

ತೊಟ್ಟಿಯ ಅಂಚು ಎದೆಮಟ್ಟ ಮೀರಬಾರದು. ಬಾಂಡಲಿ ಹೊತ್ತು ತರುವವರು ಬಹುಪಾಲು ಹೆಂಗಸರು. ತಲೆಯ ಮೇಲಿನ ಭಾರವನ್ನು ಇನ್ನೂ ಮೇಲಕ್ಕೆತ್ತಿ ಸುರಿಯುವುದು ಎಂಥ ಕಷ್ಟವೆಂದು ಕೊಳ್ಳುವ ಸಮಿತಿಯವರು ಒಮ್ಮೆ ತಾವೇ ಹೊತ್ತು ನೋಡಲಿ. ಒಂದು ಪಕ್ಕ ಬಾಗಿಲಿರುವ ತೊಟ್ಟಿಯಾದರೆ ಒಳಗೆ ನಡೆದುಹೋಗಿ ಸುರಿಯಬಹುದು.

ತೊಟ್ಟಿ ಬಂದ ಮೇಲೆ ನಮ್ಮ ಕರ್ತವ್ಯವೂ ಇದೆ. ಅದನ್ನು ಗಟ್ಟಿಯಾದ ಸಮನೆಲದ ಮೇಲೆ ಇರಿಸಬೇಕು. ಚರಂಡಿಯ ಹಾಸುಗಲ್ಲಿನ ಮೇಲಿಟ್ಟರೆ ಕಲ್ಲು ಮುರಿಯುತ್ತದೆ. ರಾತ್ರಿ ಸೈಕಲ್ಲಿನವರಿಗೆ ಕಾಣುವಂತೆ ಹೊಳೆಯುವ ಪಟ್ಟಿ ಬೇಕು. ಅಂಚಿನ ಮೇಲೆ ಗೋಪುರ ಕಟ್ಟಬಾರದು. ಮಳೆಯಲ್ಲಿ ತಾಡಪಾಲು ಹೊದಿಸಬೇಕು. ನೆನೆದ ಮಣ್ಣು ಇನ್ನಷ್ಟು ಭಾರ. ಗಟ್ಟಿ ಇಟ್ಟಿಗೆ, ಕಬ್ಬಿಣ, ಮರವನ್ನು ಮೊದಲೇ ಆರಿಸಿ ಬೇರೆ ಇಡಬೇಕು; ಅದು ಕಸವಲ್ಲ, ದುಡ್ಡು. ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಅಡುಗೆಮನೆಯ ಕಸ ಇದರೊಳಗೆ ಬೀಳಕೂಡದು. ಹಳೆಯ ಕಲ್ನಾರಿನ ಶೀಟನ್ನಂತೂ ಒಡೆಯಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅಂಗಡಿಯ ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೈಗೆ ಕೊಡಬೇಕು.

ಏಕೆಂದರೆ ಕೊನೆಗೆ ಅದರೊಳಗೆ ಕೈ ಹಾಕುವವರು ಪೌರಕಾರ್ಮಿಕರು. 1970ರ ದಶಕದ ಮೊದಲಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಮಲದ ಬುಟ್ಟಿ ಇಳಿಸಿದ ತಲೆಯ ಮೇಲೆ ನಾವು ಗಾಜು ಬೆರೆತ ಬುಟ್ಟಿ ಏರಿಸಿದರೆ ಆ ಕೆಲಸ ಅರ್ಧಕ್ಕೇ ನಿಂತಂತೆ.

ನಗರಸಭೆಯ ಮುಂದೆ ನಮ್ಮ ಬೇಡಿಕೆ ಐದೇ. ವಾರ್ಡಿಗೊಂದು ಕಟ್ಟಡ ತ್ಯಾಜ್ಯದ ತೊಟ್ಟಿ ಇರಲಿ. ಮೂಟೆಯ ಲೆಕ್ಕದಲ್ಲಿ ಬಡವನಿಗೆ ಎಟಕುವ ದರ ಇರಲಿ. ದೊಡ್ಡವರಿಂದ ಪೂರ್ಣ ಶುಲ್ಕ ವಸೂಲಾಗಲಿ. ತುಂಬಿದ ತೊಟ್ಟಿ ಎಲ್ಲಿ ಬರಿದಾಗುತ್ತದೆಂಬುದು ಫಲಕದ ಮೇಲೆ ಬರೆದಿರಲಿ. ತೊಟ್ಟಿ ಕೊಳ್ಳುವ ಮುನ್ನ ಅದನ್ನು ತುಂಬುವವರನ್ನೂ ಎತ್ತುವವರನ್ನೂ ಕೇಳಲಿ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಆ ಚರಂಡಿಯ ದಂಡೆಗೆ ಹೋಗುತ್ತೇವೆ. ನಮ್ಮ ಗೋಡೆಯ ಇಟ್ಟಿಗೆಯನ್ನು ನಾವೇ ಎತ್ತಿ, ಸಾಲುಮನೆಗಳ ಹಾದಿಯ ಗುಂಡಿಗೆ ತುಂಬುತ್ತೇವೆ. ಗುದ್ದಲಿ, ಬಾಂಡಲಿ ಇರುವ ಬಂಧುಗಳು ಬಂದರೆ ಸಂತೋಷ. ಬಾರದಿದ್ದರೂ ಆ ಕೆಲಸ ನಮ್ಮದೇ. ಸೋಮವಾರ ನಗರಸಭೆಗೆ ಮನವಿ ಒಯ್ಯುವಾಗ ಮಾತ್ರ ಎಲ್ಲರೂ ಬರಬೇಕು.