‘ಆದ್ದರಿಂದ’ ಇದ್ದಲ್ಲೆಲ್ಲ ತೀರ್ಮಾನ ಇರುವುದಿಲ್ಲ

ಕ್ಲಾಟ್ ಮಾದರಿ ಪರೀಕ್ಷೆಯಲ್ಲಿ ಲಾಜಿಕಲ್ ರೀಸನಿಂಗ್ ಭಾಗದ ಒಂಬತ್ತು ಪ್ರಶ್ನೆಗಳು ನನಗೆ ತಪ್ಪಿದವು. ಅವುಗಳಲ್ಲಿ ಐದು ಒಂದೇ ಬಗೆಯವು: ‘ಲೇಖಕರ ಮುಖ್ಯ ತೀರ್ಮಾನ ಯಾವುದು?’ ಗೊತ್ತಾಗದೆ ಬಿಟ್ಟಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ. ಐದಕ್ಕೂ ಧೈರ್ಯವಾಗಿ ಗುರುತು ಹಾಕಿದ್ದೆ. ತಪ್ಪೊಂದಕ್ಕೆ ಕಾಲು ಅಂಕ ಕಡಿತ ಬೇರೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪರೀಕ್ಷೆ ಕ್ಲಾಟ್. ಬೆಂಗಳೂರಿನ ಲಾ ಸ್ಕೂಲಿಗೂ ಇದೇ ದಾರಿ. 2 ಗಂಟೆಯಲ್ಲಿ 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಅದರ ಸುಮಾರು ಐದನೇ ಒಂದು ಭಾಗ ಲಾಜಿಕಲ್ ರೀಸನಿಂಗ್. ಉದ್ದದ ಒಂದು ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಐಎಎಸ್ ಕನಸಿನವರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲಿ ಬರಹದ ತಿರುಳು ಯಾವುದೆಂದು ಕೇಳುವ ಪ್ರಶ್ನೆಗಳು ಬರುತ್ತವೆ. ಅಲ್ಲಿ ಶೇ. 33 ಅಂಕ ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಬಂದರೂ ಪ್ರಯೋಜನವಿಲ್ಲ.

ನನಗೆ ಹೇಳಿಕೊಟ್ಟಿದ್ದ ಉಪಾಯ ಸುಲಭದ್ದು. ಕೊನೆಯ ವಾಕ್ಯ ನೋಡು, ಇಲ್ಲವೇ ‘ಆದ್ದರಿಂದ’, ‘ಹೀಗಾಗಿ’ ಎಲ್ಲಿದೆ ಹುಡುಕು. ಈ ಉಪಾಯವೇ ನನ್ನನ್ನು ಕೆಡಿಸಿತು ಎಂಬುದು ನನ್ನ ದೂರು. ಇದು ನಮಗೆ ಒಗ್ಗಿಹೋಗಲು ಕಾರಣವೂ ಇದೆ. ಹೈಸ್ಕೂಲಿನಿಂದ ಬರೆದ ಪ್ರಬಂಧಗಳಿಗೆಲ್ಲ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಹೇಳಬೇಕಾದದ್ದು ಉಪಸಂಹಾರದಲ್ಲಿ ಇರಲೇಬೇಕು. ತರ್ಕಶಾಸ್ತ್ರದ ತರಗತಿಗೆ ಹೋದರೂ ಅಷ್ಟೇ, ಸಾಕ್ರಟೀಸ್ ಸಾಯುವುದು ಮೂರನೇ ಸಾಲಿನಲ್ಲಿ. ಆದರೆ ನಮ್ಮದೇ ನ್ಯಾಯದರ್ಶನದ ಕ್ರಮ ಬೇರೆ. ಅಲ್ಲಿ ವಾದಕ್ಕೆ ಐದು ಅಂಗ. ಮೊದಲನೆಯದೇ ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿ ಇದೆ. ಆಮೇಲೆ ಹೇತು: ಏಕೆಂದರೆ ಹೊಗೆ ಕಾಣುತ್ತಿದೆ. ಸಾಧಿಸಬೇಕಾದದ್ದನ್ನು ಮೊದಲೇ ಹೇಳಿ, ಕೊನೆಗೆ ನಿಗಮನದಲ್ಲಿ ಅದನ್ನೇ ಮತ್ತೆ ಹೇಳುತ್ತಾರೆ. ಪತ್ರಿಕೆಗೆ ಬರೆಯುವವರಂತೂ ಅದನ್ನು ಎಲ್ಲಿ ಬೇಕಾದರೂ ಇಡುತ್ತಾರೆ.

ನಮ್ಮ ಉಪನ್ಯಾಸಕರೊಬ್ಬರು ನನ್ನ ಪೆಚ್ಚುಮೋರೆ ನೋಡಿ ಬೋರ್ಡಿನ ಮೇಲೆ ಕನ್ನಡದಲ್ಲೇ ಒಂದು ವಾದ ಬರೆದರು:

“ಹಳೆ ಕೆರೆಯ ಹೂಳೆತ್ತಿಸುವುದಕ್ಕಿಂತ ಹೊಸ ಕೊಳವೆಬಾವಿ ಕೊರೆಸುವುದೇ ಅಗ್ಗ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಇದೂ ಒಂದು ಲೆಕ್ಕವೇ? ಕೆರೆಯಲ್ಲಿ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ಕೊಳವೆಬಾವಿ ಇದ್ದ ನೀರನ್ನು ಎಳೆಯುತ್ತದೆ ಅಷ್ಟೆ. ಆದ್ದರಿಂದ ಕೆಲವು ವರ್ಷಗಳಲ್ಲಿ ಇನ್ನೊಂದು, ಇನ್ನೂ ಆಳದ ಬಾವಿ ಕೊರೆಸಬೇಕಾಗುತ್ತದೆ. ಆ ಖರ್ಚನ್ನು ಅವರು ಸೇರಿಸಿಯೇ ಇಲ್ಲ.”

ಮುಖ್ಯ ತೀರ್ಮಾನ ಯಾವುದು? ನಾನು ‘ಇನ್ನೊಂದು ಬಾವಿ ಕೊರೆಸಬೇಕಾಗುತ್ತದೆ’ ಎಂದೆ. ‘ಆದ್ದರಿಂದ’ ಅಲ್ಲೇ ಇತ್ತಲ್ಲ! ಪಕ್ಕದ ಬೆಂಚಿನ ಗೆಳತಿ ‘ಕೆರೆಯ ಹೂಳೆತ್ತಲೇಬೇಕು’ ಎಂದಳು. ಅವಳ ಊರಿನ ಕೆರೆ ಬತ್ತಿಹೋಗಿದೆ, ಅವಳ ಮನಸ್ಸು ಅಲ್ಲಿತ್ತು. ಇಬ್ಬರದೂ ತಪ್ಪು. ಬರೆದವರು ಸಾಧಿಸಲು ಹೊರಟದ್ದು ಇಷ್ಟೇ: ಕೊಳವೆಬಾವಿ ಅಗ್ಗ ಎಂಬ ಸದಸ್ಯರ ಲೆಕ್ಕ ಸರಿಯಲ್ಲ. ಅದು ಎರಡನೇ ವಾಕ್ಯದಲ್ಲಿದೆ, ಅದೂ ಪ್ರಶ್ನೆಯ ವೇಷದಲ್ಲಿ.

ನನ್ನ ಉತ್ತರವೂ ಒಂದು ತೀರ್ಮಾನವೇ, ಆದರೆ ದಾರಿಯ ನಡುವಿನದು. ತಾನೊಂದು ಆಧಾರದ ಮೇಲೆ ನಿಂತು, ಮತ್ತೊಂದಕ್ಕೆ ಆಧಾರವಾಗುವಂಥದ್ದು. ಅನುಮಾನ ಬಂದಾಗ ಎರಡು ವಾಕ್ಯಗಳ ನಡುವೆ ‘ಆದ್ದರಿಂದ’ವನ್ನು ನಾವೇ ಇಟ್ಟು ನೋಡಬೇಕು ಎಂದರು ಸರ್. ‘ಇನ್ನೊಂದು ಬಾವಿ ಬೇಕಾಗುತ್ತದೆ, ಆದ್ದರಿಂದ ಲೆಕ್ಕ ತಪ್ಪು’ ಎಂದರೆ ಕೂರುತ್ತದೆ. ‘ಲೆಕ್ಕ ತಪ್ಪು, ಆದ್ದರಿಂದ ಇನ್ನೊಂದು ಬಾವಿ ಬೇಕಾಗುತ್ತದೆ’ ಎಂದರೆ ಕೂರುವುದಿಲ್ಲ. ಯಾವುದು ಯಾವುದನ್ನು ಹೊತ್ತಿದೆ ಎಂಬುದು ಅಲ್ಲಿಗೆ ಗೊತ್ತಾಗುತ್ತದೆ. ಗೆಳತಿಯ ಉತ್ತರ ಇನ್ನೂ ಅಪಾಯದ್ದು ಎನ್ನುತ್ತೇನೆ. ಅದು ಒಳ್ಳೆಯ ಮಾತು, ನಿಜವೂ ಇರಬಹುದು, ಆದರೆ ಬರೆದವರು ಅದನ್ನು ಹೇಳಿಲ್ಲ. ನಮಗೆ ಇಷ್ಟವಾದದ್ದನ್ನು ಅವರ ಬಾಯಲ್ಲಿ ಹಾಕಿದರೆ ಅದು ಓದಿದ ಹಾಗಾಗಲಿಲ್ಲ.

ಕನ್ನಡದಲ್ಲಿ ಓದುವಾಗ ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷಿನಲ್ಲಿ ‘ಕೆಲವರು ಹೇಳುತ್ತಾರೆ’ ಎಂಬುದು ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ. ನಮ್ಮಲ್ಲಿ ಮಾತೆಲ್ಲ ಮುಗಿದ ಮೇಲೆ ‘ಎಂದು ಕೆಲವರು ಹೇಳುತ್ತಾರೆ’ ಬರುತ್ತದೆ. ಅಷ್ಟರಲ್ಲಿ ಅದು ಬರೆದವರದೇ ಅಭಿಪ್ರಾಯ ಎಂದು ನಂಬಿಬಿಟ್ಟಿರುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರು ತಲೆಯೊಳಗೆ ಕನ್ನಡಕ್ಕೆ ತಿರುಗಿಸಿಕೊಂಡೇ ಓದುವುದು, ಎಡವುವುದೂ ಅಲ್ಲೇ.

ಈ ವಿಷಯ ಪರೀಕ್ಷೆಯದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಕ್ಕ ಪಿಯುಸಿ ಮುಗಿಸಿ ಬಿ.ಕಾಂ.ಗೆ ಮಂಗಳೂರಿಗೆ ಹೋಗುತ್ತೇನೆಂದಾಗ ಉಪ್ಪ ಒಪ್ಪಲಿಲ್ಲ. ಸಂಜೆಯ ಬಸ್ಸು ತಡ ಎಂದರು. ನಾವು ಬೇಗನೆ ಹೊರಡುವ ಬಸ್ಸು ಹುಡುಕಿದೆವು. ಮಳೆಗಾಲದಲ್ಲಿ ಘಾಟಿ ಕೆಳಗಿನ ಊರುಗಳ ರಸ್ತೆ ಹೇಗಿರುತ್ತದೆ ಗೊತ್ತಲ್ಲ ಎಂದರು. ಹಾಸ್ಟೆಲ್ ವಿಚಾರಿಸಿದೆವು. ಹಾಸ್ಟೆಲಿನ ಊಟ ಇವಳಿಗೆ ಆಗದು ಎಂದರು. ಹೆಣ್ಣುಮಕ್ಕಳು ಓದುವುದೇ ಇವರಿಗೆ ಬೇಡ ಎಂದು ಅಕ್ಕ ಮಾತು ಬಿಟ್ಟಳು. ಎರಡು ವಾರ ಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ. ಕೊನೆಗೆ ಒಂದು ರಾತ್ರಿ ನಾನೇ ಕೇಳಿದೆ, “ಉಪ್ಪ, ಬಸ್ಸು ಬಿಡಿ. ನೀವು ಹೇಳುವುದು ಏನು?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ವರ್ಷ ಬೇಡ ಅಂತ” ಎಂದರು. ಗಲ್ಫಿನ ಕೆಲಸದ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಅದನ್ನು ಉಮ್ಮನಿಗೂ ಹೇಳಿರಲಿಲ್ಲ.

ಪರೀಕ್ಷೆಯಲ್ಲಿ ಮುಖ್ಯ ತೀರ್ಮಾನ ಬರಹದಲ್ಲೇ ಇರುತ್ತದೆ, ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ನಾವಂತೂ ಎರಡು ವಾರ ಆಧಾರಗಳನ್ನೇ ಒಂದೊಂದಾಗಿ ಹೊಡೆದು ಬೀಳಿಸುತ್ತಿದ್ದೆವು, ಅವು ಯಾವುದನ್ನು ಹೊತ್ತಿವೆ ಎಂದು ಕೇಳದೆ. ಅಕ್ಕನ ಸಿಟ್ಟು ಪೂರ್ತಿ ಇಳಿದಿಲ್ಲ. ಒಂದು ವರ್ಷ ಹೋದದ್ದು ಅವಳದಲ್ಲವೇ? ಆದರೂ ಈಗ ಮಾತುಕತೆ ನಡೆಯುವುದು ಬಸ್ಸಿನ ಬಗ್ಗೆ ಅಲ್ಲ, ಫೀಸಿನ ಬಗ್ಗೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ದಾಳೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು: ಈ ಅಭ್ಯಾಸ ಕೋಚಿಂಗಿಗೆ ದುಡ್ಡು ಕೊಟ್ಟವರಿಗಷ್ಟೇ ಸಿಗಬಾರದು, ಮೊದಲು ಕನ್ನಡದಲ್ಲೇ ಶುರುವಾಗಬೇಕು. ಪೋರ್ಷನ್ ಮುಗಿಯುವುದಿಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಹೊಸ ಪಿರಿಯಡ್ ಕೇಳುತ್ತಿಲ್ಲ. ಗದ್ಯಪಾಠ ಮಾಡುವಾಗ ‘ಸಾರಾಂಶ ಬರೆಯಿರಿ’ ಎನ್ನುವ ಬದಲು ಒಮ್ಮೊಮ್ಮೆ ‘ಇವರು ಸಾಧಿಸಲು ಹೊರಟಿರುವುದು ಏನು, ಯಾವ ವಾಕ್ಯದಲ್ಲಿದೆ’ ಎಂದು ಕೇಳಿದರೆ ಸಾಕು. ಸಾರಾಂಶವನ್ನು ಗೈಡ್ ನೋಡಿ ಬರೆಯಬಹುದು, ಇದನ್ನು ಆಗುವುದಿಲ್ಲ.

ಶನಿವಾರ ಕೊನೆಯ ತರಗತಿ ಬಿಟ್ಟ ಮೇಲೆ ಅರ್ಧ ಗಂಟೆ ಗ್ರಂಥಾಲಯದಲ್ಲಿ ಕೂರಲು ಸರ್ ಒಪ್ಪಿದ್ದಾರೆ. ವಿಜ್ಞಾನ, ವಾಣಿಜ್ಯ, ಕಲಾ ಯಾವ ವಿಭಾಗದವರೂ ಬರಬಹುದು. ಆ ವಾರದ ಪತ್ರಿಕೆಗಳ ಎರಡು ಸಂಪಾದಕೀಯ ಕತ್ತರಿಸಿ ತರುವುದು ನನ್ನ ಪಾಲಿನ ಕೆಲಸ, ನೀವು ಪೆನ್ಸಿಲ್ ತಂದರೆ ಆಯಿತು.