ನಳ ಬಂತು ಸರಿ, ನೆಲದಡಿಯ ನೀರು ಯಾರದ್ದು?

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಮಲೆನಾಡಿನ ಸೆರಗಿನ ಊರು. ಒಂದು ದಿಕ್ಕಿಗೆ ಮುಂಡಗೋಡದ ಕಾಡು, ಇನ್ನೊಂದು ದಿಕ್ಕಿಗೆ ಸವಣೂರಿನ ಬಯಲು. ಆ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಊರಿಗೆ ನೀರು ಬಿಡುವವರನ್ನು ಕೇಳಿದ್ದೆ: "ಅಣ್ಣಾರ, ಬ್ಯಾಸಗ್ಯಾಗ ನಳದಾಗ ನೀರು ಯಾಕ ಕಮ್ಮಿ ಆಗ್ತೈತ್ರಿ?" ಅವರು ಟ್ಯಾಂಕ್ ಕಡೆ ನೋಡಲೇ ಇಲ್ಲ. ಪಕ್ಕದ ಹೊಲದ ಕಡೆ ಕೈ ಮಾಡಿದರು. "ಅಲ್ಲಿ ಮೋಟ್ರು ಚಾಲೂ ಆತಂದ್ರ, ಇಲ್ಲಿ ನಮ್ಮದು ಬರೇ ಗಾಳಿ ಹೊಡಿತೈತ್ರಿ."

ಎಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಅಂತರ್ಜಲದ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಎರಡು ಬೋರ್, ಎರಡು ಮೀಟರ್ ಬೋರ್ಡು, ಇಬ್ಬರು ಮಾಲೀಕರು. ಆದರೆ ಕೆಳಗಿರುವ ಸೆಲೆ ಒಂದೇ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಆಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನುವುದು ಗುರಿ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2025ರ ಬಜೆಟ್‌ನಲ್ಲಿ 2028ರವರೆಗೆ ಮುಂದಕ್ಕೆ ಹಾಕಿದರು. ಈ ವರ್ಷಗಳಲ್ಲಿ ರಾಜಕಾರಣಿಗಳ ಭಾಷಣವೆಲ್ಲ ಎಷ್ಟು ನಳ ಕೂಡಿಸಿದೆವು ಅನ್ನುವ ಲೆಕ್ಕದ್ದೇ. ಪೈಪಿಗೆ ಎರಡು ತುದಿ ಇರುತ್ತವೆ. ಮನೆಯ ಕಡೆಯ ತುದಿಯನ್ನು ಎಲ್ಲರೂ ಎಣಿಸಿದರು, ನೆಲದೊಳಗಿನ ತುದಿಯನ್ನು ಎಣಿಸಿದವರು ಕಮ್ಮಿ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಜನರ ಊರಿಗೆ ದಿನಕ್ಕೆ ಬೇಕಾದದ್ದು 55 ಸಾವಿರ ಲೀಟರ್. ಸೆಕೆಂಡಿಗೆ 2 ಲೀಟರ್ ಎತ್ತುವ ಒಂದೇ ಒಂದು ಪಂಪ್‌ಸೆಟ್ ಏಳು ತಾಸು ತ್ರೀ ಫೇಸ್ ಕರೆಂಟಿನಲ್ಲಿ ಓಡಿದರೆ 50 ಸಾವಿರ ಲೀಟರ್ ಹೊರಬರುತ್ತದೆ. ಅಂದರೆ ಒಂದು ಹೊಲದ ಒಂದು ದಿನದ ನೀರು ಹೆಚ್ಚುಕಮ್ಮಿ ಒಂದು ಊರಿನ ಒಂದು ದಿನದ ನೀರು. ಇನ್ನು ನೆಲದೊಳಗೆ ಎಷ್ಟಿದೆ? ನಮ್ಮದು ಗಟ್ಟಿ ಬಂಡೆಯ ನಾಡು. ಜಿಗಟು ಮಣ್ಣು ಬೆರೆತ ಶಿಥಿಲ ಬಂಡೆಯಿಂದ ಸಿಗುವ ನೀರು ಅದರ ಗಾತ್ರದಲ್ಲಿ ನೂರಕ್ಕೆ ಒಂದೂವರೆ ಪಾಲು ಅಂತ ಸರ್ಕಾರಿ ಅಂದಾಜು ಪದ್ಧತಿಯೇ ಹಿಡಿಯುತ್ತದೆ. ಹಾಗೆ ನೋಡಿದರೆ ಒಂದು ಎಕರೆಯಡಿ ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ನಮಗೆ ಸಿಗುವುದು ಸುಮಾರು 60 ಸಾವಿರ ಲೀಟರ್. ಊರಿನ ಒಂದೇ ದಿನಕ್ಕೆ ಅದು ಖಾಲಿ. ಹೀಗಿರುವಾಗ ಇನ್ನೊಂದು ಬೋರ್ ಹೊಡೆಸುವುದು ಒಂದೇ ಎಳನೀರಿಗೆ ಐದನೇ ಸ್ಟ್ರಾ ಹಾಕಿದ ಹಾಗೆ.

ಹಂಗಂತ ರೈತನನ್ನು ಖಳನಾಯಕ ಮಾಡಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಕೊಟ್ಟದ್ದು ಸರ್ಕಾರ. ಸಾಲ ಮಾಡಿ ಬೋರ್ ಹೊಡೆಸಿದವನು ಗೋವಿನಜೋಳವನ್ನೋ ಅಡಿಕೆ ಸಸಿಯನ್ನೋ ಒಣಗಲು ಬಿಡು ಅಂದರೆ ಕೇಳುತ್ತಾನೆಯೇ? ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಹೊಲ ಇದ್ದವನಿಗೆ ನಳ ನಿಂತರೂ ಬೋರ್ ಇದೆ. ಕೂಲಿಗೆ ಹೋಗುವ, ಹೊಲವಿಲ್ಲದ ಮನೆಗೆ ನಳ ಬಿಟ್ಟರೆ ಬೇರೆ ಗತಿಯಿಲ್ಲ. ನೀರು ಮೊದಲು ನಿಲ್ಲುವುದು ಪೈಪಿನ ಕೊನೆಯ ಕೇರಿಯಲ್ಲಿ. ಆ ಕೇರಿ ಯಾರದ್ದು ಅಂತ ನಿಮಗೂ ಗೊತ್ತು.

ಕಾನೂನು ಏನನ್ನುತ್ತದೆ? 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ತನ್ನ ಜಮೀನಿನಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಮಾಲೀಕನಿಗಿದೆ. ಬ್ರಿಟಿಷರ ಕಾಲದ ಆ ಮಾತು ಹಗ್ಗ, ಕೊಡ, ಎತ್ತಿನ ಕಪಿಲೆಯ ಕಾಲದ್ದು. ಕರ್ನಾಟಕ 1999ರಲ್ಲೇ ಕುಡಿಯುವ ನೀರಿನ ಮೂಲ ರಕ್ಷಿಸಲು ಬೇರೆ ಕಾಯ್ದೆ ಮಾಡಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೆಗೆಯುವಂತಿಲ್ಲ. 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆ ಇನ್ನೊಂದು ಕಾಯ್ದೆ, ಒಂದು ಪ್ರಾಧಿಕಾರವೂ ಬಂದವು. ನಿಮ್ಮೂರಲ್ಲಿ ರಿಗ್ ಲಾರಿ ಬಂದ ರಾತ್ರಿ ಯಾರಾದರೂ ಟೇಪು ಹಿಡಿದು 500 ಮೀಟರ್ ಅಳೆದದ್ದು ನೋಡಿದ್ದೀರಾ?

2023ರ ಬರದಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ರಾಜ್ಯದ ಹಲವು ಕಡೆ ಖಾಸಗಿ ಬೋರ್‌ಗಳನ್ನು ಬಾಡಿಗೆಗೆ ಹಿಡಿದು ಊರಿಗೆ ನೀರು ಕೊಟ್ಟರು. ತುರ್ತಿನಲ್ಲಿ ಅದು ಸರಿಯೇ. ಆದರೆ ಊರಿನಡಿಯ ನೀರಿಗೆ ಊರೇ ಬಾಡಿಗೆ ಕಟ್ಟುವ ಸ್ಥಿತಿ ಯಾಕೆ ಬಂತು?

ದಾರಿ ಇಲ್ಲವೆಂದಲ್ಲ. ಅನಂತಪುರವೂ ಸೇರಿದಂತೆ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳ ರೈತರು 2000ದ ದಶಕದಲ್ಲಿ ತಮ್ಮ ಬೋರಿನ ಮಟ್ಟವನ್ನು ತಾವೇ ಅಳೆದು, ಹಿಂಗಾರಿಗೆ ಮೊದಲು ನೀರಿನ ಬಜೆಟ್ ಹಾಕಿ, ಬೆಳೆ ಆರಿಸಿಕೊಂಡರು. ಯಾರೂ ಬೋರಿಗೆ ಬೀಗ ಹಾಕಲಿಲ್ಲ. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಗ್ರಾಮಸಭೆಯೇ ಪ್ರತಿವರ್ಷ ಲೆಕ್ಕ ಹಾಕುತ್ತದೆ: ಮೊದಲು ಜನ, ದನ, ಉಳಿದದ್ದು ಬೆಳೆಗೆ. ಅಲ್ಲಿ ಬೀಳುವ ಮಳೆ ಶಿಗ್ಗಾವಿಗಿಂತ ಕಮ್ಮಿ.

ದುಂಡಸಿ ಭಾಗದಂಥ ಸಣ್ಣ ಊರುಗಳು ತಲಾ ಒಂದೊಂದು ಬೋರ್ ಹೊಡೆಸುವ ಬದಲು ಎರಡು ಮೂರು ಊರು ಸೇರಿ ಒಳ್ಳೆಯ ಸೆಲೆಯಿರುವ ಒಂದು ಜಾಗ ಆರಿಸಬಹುದು. ಅಲ್ಲಿ ಎರಡು ಬೋರ್, ಪಾಳಿಯ ಮೇಲೆ ಚಾಲೂ. ಮಟ್ಟ ಅಳೆಯಲಿಕ್ಕೇ ಮೂರನೆಯದು. ಮೇಲ್ಗಡೆ ಕೆರೆ ಇದ್ದರೆ ಅದರ ಹೂಳು ಎತ್ತಬೇಕು. ಸುತ್ತ 500 ಮೀಟರ್ ಗೆರೆಯನ್ನು ನಕ್ಷೆಯಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಬೇಕು. ಆ ಗೆರೆಯೊಳಗೆ ಈಗಾಗಲೇ ಬೋರ್ ಇರುವ ರೈತರಿಗೆ ಹನಿ ನೀರಾವರಿಯಲ್ಲಿ ಮೊದಲ ಆದ್ಯತೆ ಸಿಗಬೇಕು. ಊರಿನ ಹೊಟ್ಟೆಗಾಗಿ ಬಿಟ್ಟುಕೊಡುವವನ ಹೊಟ್ಟೆಗೂ ದಾರಿ ಬೇಕಲ್ಲ.

ಹೊಸ ಸಮಿತಿಯೂ ಬೇಡ. ಜಲ ಜೀವನ್ ಮಿಷನ್ ನಿಯಮದಲ್ಲೇ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇದೆ, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಷ್ಟ ಇರುವುದು ಊರು ಊರುಗಳ ನಡುವೆ. ಎರಡು ಪಂಚಾಯಿತಿ ಒಂದೇ ಸೆಲೆಗೆ ಜಗಳಾಡಿದರೆ ಪಂಚಾಯ್ತಿಕೆ ಮಾಡಬೇಕಾದದ್ದು ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಅವುಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆದವು. ಚುನಾವಣೆ ಮುಂದಕ್ಕೆ ಹೋದದ್ದಕ್ಕೂ ಕೊನೆಯ ಕೇರಿಯ ಖಾಲಿ ಕೊಡಕ್ಕೂ ನಂಟಿದೆ.

'ಬಹುಗ್ರಾಮ ಯೋಜನೆಯ ನದಿ ನೀರು ಬರುತ್ತಲ್ಲ' ಅನ್ನುವವರಿದ್ದಾರೆ. ಬರಲಿ. ಪೈಪ್ ಒಡೆದ ದಿನ, ನದಿ ಬತ್ತಿದ ತಿಂಗಳು ಊರಿಗೆ ಬೋರೇ ಗತಿ.

ಶಿಗ್ಗಾವಿ ಸಾಮಾನ್ಯ ಕ್ಷೇತ್ರವಲ್ಲ. 2008ರಿಂದ ಇಲ್ಲಿನ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಜಲಸಂಪನ್ಮೂಲ ಸಚಿವರೂ ಆದರು, ಮುಖ್ಯಮಂತ್ರಿಯೂ ಆದರು. 2024ರ ಉಪಚುನಾವಣೆಯಲ್ಲಿ ಕ್ಷೇತ್ರ ಕಾಂಗ್ರೆಸ್‌ಗೆ ಹೋಯಿತು. ಪಕ್ಷ ಬದಲಾಗಬಹುದು, ಬಂಡೆಯೊಳಗಿನ ಲೆಕ್ಕ ಬದಲಾಗುವುದಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ನಮ್ಮ ನಳದ ಮೂಲ ಯಾವ ಬೋರ್? ಈ ವರ್ಷ ಅದರ ನೀರು ಎಷ್ಟು ಅಡಿಗೆ ಇಳಿದಿದೆ? 500 ಮೀಟರ್ ಒಳಗೆ ಎಷ್ಟು ಬೋರ್ ಇವೆ? ಉತ್ತರ ಗೊತ್ತಿಲ್ಲ ಅಂದರೆ ಅದನ್ನೂ ಹಾಗೆಯೇ ಬರೆಸಿ. ಅಳೆಯದ ನೀರನ್ನು ಹಂಚಿಕೊಳ್ಳಲು ಆಗುವುದಿಲ್ಲ.